ಹಿತ್ತಲ ಮನೆಯ ರೆಮಿ ಅಂಕಲ್

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಕಾಂಗರೂ ನಾಡಿನ ಟೂಂಗಾಬಿಯಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆಯ ಹಿತ್ತಲು ಕಣ್ಣೆದುರು ಬರುತ್ತದೆ. ಅಲ್ಲೊಂದು ಒಂಟಿ ಕೋಣೆಯ ಮನೆಯಿತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಲ್ಲಿಗೆ ಬಂದವರು ರೆಮಿ ಅಂಕಲ್. ಫ್ರಾನ್ಸಿನವರು, ರಗ್ಬಿ ಲೀಗ್ ಆಟಗಾರ, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬಾರದಷ್ಟು ಅಗಲ. ಹಗಲು ಪಕ್ಕದ ಪ್ಯಾರಮಟ್ಟಾದಲ್ಲಿ ಸೋಫಾ, ಮಂಚ ಹೊರುವ ಕೆಲಸ, ಸಂಜೆ ಅಭ್ಯಾಸ. ದೊಡ್ಡ ಕ್ಲಬ್ಬೊಂದರ ಮುಖ್ಯ ತಂಡದಲ್ಲಿ ಒಂದಾದರೂ ಮ್ಯಾಚ್ ಆಡಬೇಕೆಂಬುದು ಅವರ ಆಸೆ. ಆಡಲು ಸಿಗುತ್ತಿದ್ದದ್ದು ಎರಡನೆಯ ತಂಡದಲ್ಲಿ. ಭಾನುವಾರ ಹಿತ್ತಲಲ್ಲಿ ಕೂತು ನೋಯುವ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಉಡುಪಿಯಿಂದ ಬಂದು ನಮ್ಮೊಂದಿಗಿದ್ದ ಅಜ್ಜಿ ಎರಡನೆಯ ವಾರಕ್ಕೇ ಆ ಬಾಟಲಿ ಕಿತ್ತುಕೊಂಡು ತಾವೇ ತಿಕ್ಕತೊಡಗಿದರು. ಅವರಿಗೆ ಇಂಗ್ಲಿಷ್ ಬಾರದು, ಅಂಕಲ್‌ಗೆ ಕನ್ನಡ ಬಾರದು. ನಡುವೆ ನಾನು ದುಭಾಷಿ.

ಒಂದು ವರ್ಷ ಅಂಕಲ್‌ಗೆ ಫ್ರಾನ್ಸ್ ತಂಡದಿಂದ ಕರೆ ಬಂತು. ಹೋಗಿ, ಹೀನಾಯವಾಗಿ ಸೋತು, ಬಾಡಿದ ಮುಖದಲ್ಲಿ ವಾಪಸಾದರು. ಅವರ ತಂಡದ ನೀಲಿ ಅಂಗಿಯ ಎದೆಯ ಮೇಲೊಂದು ಹುಂಜದ ಚಿತ್ರವಿತ್ತು.

"ಇದು ಅಂಕದ ಕಾಳಗಕ್ಕೆ ಬಿಡುವ ಕೋಳಿ ಅಲ್ವಾ ಮಾರಾಯ?" ಎಂದರು ಅಜ್ಜಿ. "ನಮ್ಮಲ್ಲಿ ಸೋತ ಕೋಳಿಯನ್ನು ಕೊಯ್ದು ಪದಾರ್ಥ ಮಾಡ್ತಾರೆ. ನಿನ್ನನ್ನು ಇಡೀ ವಾಪಸ್ ಕಳಿಸಿದ್ದಾರಲ್ಲ. ಕೂತ್ಕೊ, ಉಣ್ಣು."

ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಂಕಲ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ದಿನ ಇಪ್ಪತ್ತೆರಡು ನೀರುದೋಸೆ ತಿಂದರು.

ಮರುವರ್ಷ ಅವರು ಮೆಲ್ಬರ್ನಿನ ಕ್ಲಬ್ಬೊಂದಕ್ಕೆ ಹೋದರು. ಚಳಿಗಾಲದ ಒಂದು ಗುರುವಾರ ಫೋನ್ ಬಂತು: ಮುಖ್ಯ ತಂಡದಲ್ಲಿ ಒಬ್ಬರಿಗೆ ಗಾಯವಾಗಿದೆ, ಶನಿವಾರ ನಾನು ಆಡುತ್ತಿದ್ದೇನೆ ಎಂದು. ಅಪ್ಪ ಬಸ್ ಡ್ರೈವರ್. "ವೀಕೆಂಡಲ್ಲೂ ಡ್ರೈವಿಂಗಾ?" ಎಂದು ಗೊಣಗುತ್ತಲೇ ಮೆಲ್ಬರ್ನಿಗೆ ಒಂಬತ್ತು ಗಂಟೆ ಕಾರು ಓಡಿಸಿದರು. ಕೊನೆಯ ಇಪ್ಪತ್ತು ನಿಮಿಷಕ್ಕೆ ಅಂಕಲ್ ಮೈದಾನಕ್ಕಿಳಿದರು. ಚೆಂಡು ಅವುಚಿಕೊಂಡು, ಮೈಗೆ ಜೋತುಬಿದ್ದ ಮೂವರನ್ನು ಎಳೆದುಕೊಂಡೇ, ಚೆಂಡು ಮುಟ್ಟಿಸಬೇಕಾದ ಕೊನೆಯ ಗೆರೆಯತ್ತ ನುಗ್ಗಿದಾಗ ಅಜ್ಜಿ ಎದ್ದು ನಿಂತು, "ಬಿಡ್ಬೇಡ ಮಗಾ, ಬಿಡ್ಬೇಡ" ಎಂದು ಕೂಗಿದರು. ಗೆರೆಗೆ ಒಂದು ಮೊಳ ಇರುವಾಗ ಅಂಕಲ್ ಬಿದ್ದರು. ಚೆಂಡು ಬಿಟ್ಟಿರಲಿಲ್ಲ. ಆಟ ಮುಗಿದ ಮೇಲೆ ಮೂಗಿಗೆ ಹತ್ತಿ ತುರುಕಿಕೊಂಡು ಬೇಲಿಯ ಬಳಿ ಬಂದು, ತಮಗೆ ಬರುತ್ತಿದ್ದ ಒಂದೇ ಕನ್ನಡ ವಾಕ್ಯ ಹೇಳಿದರು: "ಅಜ್ಜಿ, ಊಟ ಆಯ್ತಾ?"

ಅವರ ಆಸೆಯ ಮ್ಯಾಚ್ ಅದೊಂದೇ ಆಯಿತು. ಮುಂದಿನ ತಿಂಗಳು ಭುಜದ ಮೂಳೆ ಮುರಿದು ಆಟ ನಿಂತಿತು. ಅಂಕಲ್ ಫ್ರಾನ್ಸಿನ ತಮ್ಮ ಹಳ್ಳಿಗೆ ಮರಳಿ ಮಕ್ಕಳಿಗೆ ರಗ್ಬಿ ಕಲಿಸತೊಡಗಿದರು. ನಾವು ಅಲ್ಲೇ ಹತ್ತಿರದ ಸ್ಕೋಫೀಲ್ಡ್ಸ್‌ಗೆ ಮನೆ ಬದಲಿಸಿದೆವು. ಟೂಂಗಾಬಿಯ ಮನೆ ಕೆಡವಿ ಅಲ್ಲೀಗ ಆರು ಮನೆ ಕಟ್ಟಿದ್ದಾರೆ. ನಿಮಗೂ ಹೀಗೆ ಕೆಡವಿದ ಮನೆಯೊಂದು ಇದ್ದೀತು. ಅಜ್ಜಿ ತೀರಿಕೊಂಡಾಗ ನಾನೇ ಅಂಕಲ್‌ಗೆ ಫೋನ್ ಮಾಡಿದೆ. ಆ ಭಾನುವಾರ ಅವರ ಹಳ್ಳಿಯ ಮೈದಾನದಲ್ಲಿ ತಂಡದ ಹದಿಮೂರು ಮಕ್ಕಳು, ತಾವೆಂದೂ ನೋಡದ ಉಡುಪಿಯ ಹೆಂಗಸೊಬ್ಬರಿಗಾಗಿ, ಒಂದು ನಿಮಿಷ ಸುಮ್ಮನೆ ನಿಂತರಂತೆ.