ಬಟನ್ ಅತ್ತೆಯ ಪಿಸ್ತೂಲು ಪಾಠ

ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದ ಬಟನ್ ಅತ್ತೆಗೆ ಐವತ್ತಮೂರನೇ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಿರಲಿಲ್ಲ. ಅಣ್ಣನ ಮಗಳು ಗುರಿ ಹೊಡೆಯುವ ಕ್ಲಬ್ಬಿಗೆ ಸೇರುವಾಗ ಜೊತೆಗಿರಲಿ ಎಂದು ಅವರನ್ನೂ ಎಳೆದುಕೊಂಡು ಹೋದಳು. ಎರಡೇ ವಾರಕ್ಕೆ ಹುಡುಗಿಗೆ ಬೇಜಾರು ಬಂತು, ಅತ್ತೆಗೆ ಹುಚ್ಚು ಹತ್ತಿತು.

ಹೊಡೆದವರೇ ಪಿಸ್ತೂಲು ಶುಚಿಮಾಡಿ ಇಡಬೇಕೆಂಬುದು ಕ್ಲಬ್ಬಿನ ಕಟ್ಟುನಿಟ್ಟು. ಕಲಿಸುವವರು ಬಂದೂಕು ಮೇಸ್ತ್ರಿ, ಗಂಟುಮೋರೆಯ ಮನುಷ್ಯ. ಮೊದಲ ದಿನವೇ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಖಾಲಿ ಇದೆ ಎಂದರು. ಅತ್ತೆ ನಂಬಿ ಬಟ್ಟೆ ಕೈಗೆತ್ತಿಕೊಂಡರು. ಮೇಸ್ತ್ರಿ ತಡೆದರು.

"ನನ್ನ ಮಾತು ನಂಬಬೇಡಿ ಅಮ್ಮಾ. ಸಾಕ್ಷಾತ್ ದೇವರೇ ಬಂದು ಹೇಳಿದ್ರೂ ನೀವೇ ತೆಗೆದು ನೋಡಿ."

ಗುಂಡು ತುಂಬಿಡುವ ಮ್ಯಾಗಝೀನ್ ಕಳಚುವುದು, ಮೇಲೆ ಜಾರುವ ಸ್ಲೈಡು ಹಿಂದಕ್ಕೆಳೆದು ಗುಂಡು ಕೂರುವ ಗೂಡನ್ನು ಕಣ್ಣಾರೆ ನೋಡುವುದು, ಆಮೇಲಷ್ಟೇ ನಳಿಕೆಗೆ ಬ್ರಷ್ಷು: ಇಷ್ಟು ಅತ್ತೆಗೆ ಬೇಗ ಕೈಹತ್ತಿತು. ಎಡವಿದ್ದು ಎಣ್ಣೆಯಲ್ಲಿ. ಹೊಲಿಗೆ ಮೆಷಿನ್ನಿಗೆ ಹಾಕುವ ಹಾಗೆ ಧಾರಾಳವಾಗಿ ಸುರಿದರು. ಮರುದಿನ ಮೂರನೇ ಗುಂಡಿಗೇ ಎಣ್ಣೆ ಚಿಮ್ಮಿ ಕೆನ್ನೆಯ ತುಂಬ ಕಪ್ಪು ಚುಕ್ಕೆ. ಸೂಜಿಮೊನೆಯಲ್ಲಿ ನಿಲ್ಲುವಷ್ಟು ಸಾಕೆಂದು ಮೇಸ್ತ್ರಿ ಹೇಳಿದ ಮೇಲೆ ಲೆಕ್ಕ ಸಿಕ್ಕಿತು.

ವಾರ್ಷಿಕ ಪಂದ್ಯಕ್ಕೆ ಇನ್ನು ನಾಲ್ಕು ದಿನ ಎನ್ನುವಾಗ ಕ್ಲಬ್ಬಿನ ಪಿಸ್ತೂಲುಗಳೆಲ್ಲ ಹಟ ಹಿಡಿದವು. ಎರಡು ಗುಂಡು ಹಾರಿದರೆ ಮೂರನೆಯದು ಸಿಕ್ಕಿಕೊಳ್ಳುತ್ತಿತ್ತು. ಗುಂಡಿನ ಡಬ್ಬಿಗಳೇ ಸರಿಯಿಲ್ಲವೆಂದು ಮೇಸ್ತ್ರಿ ಗೊಣಗಿದರು. ಅತ್ತೆ ತಮ್ಮದನ್ನು ಬಿಚ್ಚಿ ನೋಡಿದರೆ, ಖಾಲಿ ತೋಟಾ ಹೊರಗೆಳೆಯುವ ಪುಟ್ಟ ಕೊಕ್ಕೆಯ ಬುಡದಲ್ಲಿ ಏನೋ ನೀಲಿ. ಚಿಮಟದಿಂದ ಎಳೆದು ಬೆರಳಲ್ಲಿ ಹೊಸಕಿದರು. ಬಟ್ಟೆಯ ಜುಂಗು! ಒರೆಸುವ ಬಟ್ಟೆ ಮುಗಿದಿದೆಯೆಂದು ಮೇಸ್ತ್ರಿಯೇ ಹೊಸ ನೀಲಿ ಟವೆಲ್ ಕತ್ತರಿಸಿ ಇಟ್ಟಿದ್ದರು.

ಹೇಳುವುದೋ ಬಿಡುವುದೋ ಎಂದು ಅತ್ತೆ ಸ್ವಲ್ಪ ಹೊತ್ತು ಒದ್ದಾಡಿದರು. ಕಲಿಸಿದವರ ತಪ್ಪು ತೋರಿಸಲು ಬಾಯಿ ಬರಲಿಲ್ಲ. ಕೊನೆಗೆ ಜುಂಗನ್ನು ಮೇಸ್ತ್ರಿಯ ಅಂಗೈಗಿಟ್ಟರು.

"ಪಿಸ್ತೂಲಿನ ವಿಷಯ ನಿಮಗೆ ಗೊತ್ತು ಮೇಸ್ತ್ರಿಗಳೇ. ಬಟ್ಟೆ ವಿಷಯ ನನಗೆ ಬಿಡಿ."

ಮೇಸ್ತ್ರಿ ಜುಂಗನ್ನೂ ಅವರನ್ನೂ ನೋಡಿ, ಟವೆಲ್ ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿದರು. ಮರುದಿನ ಅತ್ತೆ ನೂರು ಸಲ ಒಗೆದು ಮೆತ್ತಗಾದ ಹತ್ತಿಯ ಹಾಸುಬಟ್ಟೆಯೊಂದನ್ನು ಚೌಕ ಚೌಕವಾಗಿ ಕತ್ತರಿಸಿ ತಂದರು. ಇಬ್ಬರೂ ಎದುರುಬದುರು ಕೂತು ಮಧ್ಯಾಹ್ನವಿಡೀ ಒಂಬತ್ತು ಪಿಸ್ತೂಲು ಬಿಚ್ಚಿ, ಒರೆಸಿ, ಜೋಡಿಸಿದರು. ಮೇಸ್ತ್ರಿ ಐವತ್ತು ಗುಂಡು ಹಾರಿಸಿ ಪರೀಕ್ಷಿಸಿದರು. ಒಂದೂ ಸಿಕ್ಕಿಕೊಳ್ಳಲಿಲ್ಲ.

"ಹೊಸಬರಿಗೆ ಬಟ್ಟೆ ಪಾಠ ಇನ್ಮೇಲೆ ನೀವೇ ಮಾಡಿ," ಎಂದರು, ಮುಖ ತಿರುಗಿಸಿಕೊಂಡೇ.

ಪಂದ್ಯದಲ್ಲಿ ಹದಿನಾಲ್ಕು ಜನರಲ್ಲಿ ಅತ್ತೆಗೆ ಹನ್ನೊಂದನೇ ಸ್ಥಾನ. ನೋಡಲು ಬಂದಿದ್ದ ಅಣ್ಣನ ಮಗಳ ಮುಖ ಚಿಕ್ಕದಾಯಿತು. ಮೇಲಿನ ಹತ್ತು ಜನ ಹೊಡೆದದ್ದೂ ತಾವು ಒರೆಸಿಟ್ಟ ಪಿಸ್ತೂಲುಗಳಲ್ಲೇ ಎಂದು ಅತ್ತೆ ಅವಳಿಗೆ ಎದೆಯುಬ್ಬಿಸಿ ಹೇಳಿದರು. ಈಗ ಕ್ಲಬ್ಬಿನಲ್ಲಿ ಬಟ್ಟೆ ಪಾಠವಿರುವ ಶನಿವಾರ ಮಧ್ಯಾಹ್ನ ಹೊಲಿಗೆ ಅಂಗಡಿ ತೆರೆದಿರುವುದಿಲ್ಲ.