ಕುಫ್ರಿಯ ಹಿಮದಲ್ಲಿ ಹಾಸಿದ ಕಂಬಳಿ

ಸಂಕ್ರಾಂತಿ ಕಳೆದ ಮೇಲೆ ತಾಳ್ಯದಿಂದ ಹೊರಟೆವು. ಹೊರಟವರು ನಾನು ಮತ್ತು ನನ್ನ ಅಕ್ಕ ಈರಮ್ಮ. ನನ್ನ ಮಗ ಮಹೇಶನಿಗೆ ಸಿಮ್ಲಾದಲ್ಲಿ ಕೇಂದ್ರ ಸರ್ಕಾರದ ಕೆಲಸ. ಅಲ್ಲಿಗೆ ಹತ್ತಿರದ ಕುಫ್ರಿಯಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟ ಕಲಿಯುತ್ತಿದ್ದ. ಮನೆಯವರೆಲ್ಲ ಸೇರಿ ಒಂದು ದಿನ ಅಲ್ಲಿ ಕಳೆಯೋಣ ಎಂದು ಕರೆದಿದ್ದ.

ನಾನು ದುರ್ಗದ ವಿದ್ಯಾರ್ಥಿನಿಲಯದಲ್ಲಿ ವಾರ್ಡನ್ ಆಗಿದ್ದವನು. ಪೆಟ್ಟಿಗೆ ತುಂಬುವುದಕ್ಕೂ ನನ್ನಲ್ಲಿ ಒಂದು ಕ್ರಮವಿದೆ: ಕೊನೆಗೆ ಬೇಕಾದದ್ದು ತಳಕ್ಕೆ, ಮೊದಲು ಬೇಕಾದದ್ದು ಮೇಲಕ್ಕೆ. ಹಿಮದ ದಿನದ ಸಾಮಾನನ್ನೇ ಬೇರೆಯಾಗಿ, ಸುತ್ತಿ ಕಟ್ಟುವ ಹೋಲ್ಡಾಲ್ ಚೀಲದಲ್ಲಿ ಕಟ್ಟಿದೆ. ಮಂಕಿ ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲ, ಹುರಿಹಿಟ್ಟು, ಬೆಲ್ಲ, ಶೇಂಗಾ ಚಟ್ನಿ. ಅಕ್ಕನಿಗೆಂದು ಕೊಂಡಿದ್ದ ಚರ್ಮದ ಬೂಟನ್ನು ಕೈಗೆ ಮೊದಲು ಸಿಗುವ ಹಾಗೆ ಇಟ್ಟೆ.

"ಲೇ ತಿಪ್ಪಣ್ಣ, ಗಂಡಸ್ರ ಬೂಟು ತಂದೀಯಲ್ಲೋ," ಎಂದು ಅಕ್ಕ ನಕ್ಕಳು. "ಪೊಲೀಸ್ನೋರು ಕಂಡ್ರೆ ನನ್ನೂ ಪೆರೇಡಿಗೆ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ ಬಿಡಕ್ಕ. ಕಾಲಿಂದ ಮಾತ್ರ ತೆಗೀಬ್ಯಾಡ."

ಈ ಮಾತು ಹೇಳಲು ಕಾರಣವಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾದಗಳಿಗೆ ಬಿಸಿ, ತಂಪು, ನೋವು ಯಾವುದೂ ತಿಳಿಯುತ್ತಿರಲಿಲ್ಲ. ಒಮ್ಮೆ ಒಲೆಯ ಕೆಂಡ ತುಳಿದಾಗ ಸುಟ್ಟ ವಾಸನೆ ಬಂದ ಮೇಲೆಯೇ ಅವಳು ಕೆಳಗೆ ನೋಡಿದ್ದು. ಗಾಯವಾದರೆ ಕಾಲೇ ಹೋದೀತು ಎಂದು ದುರ್ಗದ ವೈದ್ಯರು ಎಚ್ಚರಿಸಿದ್ದರು.

ಹೋಲ್ಡಾಲಿನ ಪಟ್ಟಿ ಬಿಗಿಯುವಾಗ ಅವಳು ಕರಿ ಕಂಬಳಿಯನ್ನು ತಂದು, "ಇದನ್ನ ಬೂಟಿನ ಮಗ್ಗುಲಾಗೆ ಇಡಬ್ಯಾಡ, ಬ್ಯಾರೆ ಇರ್ಲಿ," ಎಂದಳು. ನಮ್ಮದು ಕುರಿ ಕಾಯ್ದ ಮನೆತನ. ಕಂಬಳಿ ಹಾಸಿದರೆ ಅದು ದೇವರ ಗದ್ದಿಗೆ. ಕೆರ ಮೆಟ್ಟಿದ ಕಾಲನ್ನು ಅದರ ಮೇಲೆ ಯಾರೂ ಇಡುವುದಿಲ್ಲ. ಅದನ್ನು ಮಡಿಸಿ ನನ್ನ ಹೆಗಲಿಗೆ ಹಾಕಿಕೊಂಡೆ.

ಹೊಳಲ್ಕೆರೆಯಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ದೆಹಲಿ. ದೆಹಲಿಯ ಮಂಜಿನಲ್ಲಿ ಎದುರು ನಿಂತವರೂ ಕಾಣಲಿಲ್ಲ. ಕಾಲ್ಕಾದಿಂದ ಸಿಮ್ಲಾಕ್ಕೆ ಸಣ್ಣ ರೈಲು. ಸುರಂಗದ ಮೇಲೆ ಸುರಂಗ. "ಇಲಿ ಬಿಲದಾಗೆ ಹೊಕ್ಕಂಗಾತು," ಎಂದಳು ಅಕ್ಕ. ಜೋಳದ ರೊಟ್ಟಿ ಅಲ್ಲಿಯವರೆಗೂ ಬಂತು.

ಕುಫ್ರಿಗೆ ಹೋದದ್ದು ಭಾನುವಾರ. ಬಸ್ಸಿನ ಚಾರ್ಜು ಹೆಚ್ಚೇನಲ್ಲ, ದಾರಿ ಮಾತ್ರ ಕಡಿದು. ಅಕ್ಕನಿಗೆ ಕಾಲುಚೀಲ ಏರಿಸಿ, ಬೂಟಿನ ಲಾಡಿಯನ್ನು ನಾನೇ ಬಿಗಿದೆ. ಸುತ್ತಲೂ ಬೆಳ್ಳಗೆ, ಮೇಲೆ ಬೂದುಬಣ್ಣದ ಮೋಡ. ಮಹೇಶ ಹಲಗೆ ಕಟ್ಟಿಕೊಂಡು ಜಾರಿದ, ಬಿದ್ದ, ಎದ್ದ.

"ನಮ್ಮ ಟಗರು ಕೆಸರಾಗೆ ಬಿದ್ದಂಗೇ ಬೀಳ್ತಾನಲ್ಲೋ!" ಎಂದು ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಇಳಿಜಾರಿನ ಬುಡಕ್ಕೆ ಬಂದು ನೋಡಿ ಎಂದು ಮಹೇಶ ನನ್ನನ್ನು ಕರೆದ. ಸೊಸೆ ಶಾರದ ಚಹಾದ ಅಂಗಡಿಯ ಉದ್ದನೆಯ ಸಾಲಿನಲ್ಲಿ ನಿಂತಿದ್ದಳು. ಅಕ್ಕನ ಕೈಗೆ ಕಂಬಳಿ ಕೊಟ್ಟು, "ಚಳಿ ಆದ್ರೆ ಹೊದ್ಕ. ಬೂಟು ಬಿಚ್ಚಬ್ಯಾಡ," ಎಂದೆ. "ಆತು, ಹೋಗಪ್ಪ. ದಿನಕ್ಕೆ ಎಷ್ಟು ಸಲ ಗಂಟೆ ಬಾರಿಸ್ತೀಯ!" ಎಂದಳು.

ಬುಡಕ್ಕೆ ಇಳಿಯುವುದು ಸುಲಭವಾಯಿತು, ಹತ್ತುವುದು ಆಗಲಿಲ್ಲ. ಹಿಮದಲ್ಲಿ ಮೊಣಕಾಲವರೆಗೆ ಹೂತು, ಮಹೇಶನ ಕೈ ಹಿಡಿದು ಮೇಲೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

ಅಕ್ಕ ಕಂಬಳಿ ಹಾಸಿಕೊಂಡು ಕುಳಿತಿದ್ದಳು. ಅಂಚಿನಾಚೆ ಬೂಟುಗಳನ್ನು ಜೋಡಿಸಿಟ್ಟಿದ್ದಳು, ಒದ್ದೆಯಾದ ಕಾಲುಚೀಲಗಳನ್ನು ಹಿಂಡಿ ಅವುಗಳ ಮೇಲೆ ಒಣಹಾಕಿದ್ದಳು. ಒದ್ದೆ ಕಾಲು ಗದ್ದಿಗೆಗೆ ತಾಗಬಾರದೆಂದು ಎರಡೂ ಪಾದಗಳನ್ನು ಆಚೆಗೆ, ಹಿಮದೊಳಗೆ ಚಾಚಿದ್ದಳು. ಪಕ್ಕದಲ್ಲಿ ಶಾರದ ಚಹಾದ ಲೋಟ ಕೆಳಗಿಟ್ಟು ಒಂದು ಪಾದವನ್ನು ಮಡಿಲಿಗೆ ಎಳೆದುಕೊಂಡು ಅಳುತ್ತಿದ್ದಳು.

"ಮಾವ, ನಾನು ಬರೋದ್ರೊಳಗೇ ಹಿಂಗೆ ಕುಂತಿದ್ರು. ಮುಟ್ಟಿ ನೋಡ್ರಿ, ಕಲ್ಲಾಗೈತೆ."

ಮುಟ್ಟಿದೆ. ಬೆರಳುಗಳು ಮೇಣದ ಹಾಗೆ ಬೆಳ್ಳಗೆ, ಗಟ್ಟಿಯಾಗಿದ್ದವು.

"ಏನಾಗೈತೆ ಅಂತ ಅಳ್ತೀಯವ್ವ? ನಂಗೆ ಚಳೀನೇ ಇಲ್ಲ," ಎಂದಳು ಅಕ್ಕ.

ಮಹೇಶ ಅವಳನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ. ಸಿಮ್ಲಾದ ಆಸ್ಪತ್ರೆಯಲ್ಲಿ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟರು. ಬಲಗಾಲಿಗೆ ಬಣ್ಣ ಮರಳಿತು. ಎಡಗಾಲಿನಲ್ಲಿ ಬೊಬ್ಬೆಗಳು ಎದ್ದವು, ಮುಂದಿನ ದಿನಗಳಲ್ಲಿ ಬೆರಳುಗಳು ಕಪ್ಪಗಾದವು, ಕೀವು ಕಂಡಿತು. ಕತ್ತರಿಸದಿದ್ದರೆ ಕೊಳೆ ಮೇಲೇರುತ್ತದೆ ಎಂದು ಅಲ್ಲಿಯ ವೈದ್ಯರು ಹಿಂದಿಯಲ್ಲಿ ಹೇಳಿದರು. ಮಹೇಶ ಅದನ್ನು ಅಕ್ಕನಿಗೆ ತಿಳಿಸಿದ.

"ನೋವೇ ಇಲ್ಲ, ಕೊಯ್ಯೋದು ಯಾಕಪ್ಪ?" ಎಂದು ಅವಳು ಕೇಳಿದಳು. ಎಡಪಾದದ ಮುಂಭಾಗವನ್ನು ತೆಗೆದರು.

ಗಾಯ ಮಾಗುವವರೆಗೆ ಸಿಮ್ಲಾದಲ್ಲೇ ಉಳಿದೆವು. ಇನ್ನು ಮುಂದೆ ಮನೆಯೊಳಗೂ ಬೂಟಿಲ್ಲದೆ ಹೆಜ್ಜೆ ಇಡಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಎಡ ಬೂಟಿನ ತುದಿಗೆ ಶಾರದ ಹತ್ತಿ ತುಂಬಿಕೊಟ್ಟಳು. ಮರಳುವಾಗಲೂ ನಾನೇ ಸಾಮಾನು ಕಟ್ಟಿದೆ. ಟೋಪಿ, ಕೈಗವಸುಗಳನ್ನು ತಳಕ್ಕೆ ಹಾಕಿದೆ.

ಹೊಳಲ್ಕೆರೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ತಾಳ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕ ದಣಿದಿದ್ದಳು. ಬೇವಿನ ಮರದ ಕೆಳಗೆ, ಕಲ್ಲು ಹಾಸಿನ ಮೇಲೆ ಕಂಬಳಿ ಬಿಡಿಸಿ, "ಕುಂತ್ಕ ಬಾರಕ್ಕ," ಎಂದೆ.

ಅವಳು ಕೋಲೂರಿಕೊಂಡು ಅಂಚಿನವರೆಗೆ ಬಂದಳು. ಲಾಡಿಗೆ ಕೈಹಾಕಲು ಬಾಗಿದಳು. ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದಳು.

"ಬ್ಯಾಡ ಬಿಡು, ಮಡಚಿಡು," ಎಂದು ಕೋಲಿನಿಂದ ಕಂಬಳಿಯ ಅಂಚನ್ನು ಆಚೆ ಸರಿಸಿ, ಬರಿಗಲ್ಲಿನ ಮೇಲೆ ಕುಳಿತಳು.