ಬೂದಿಕೋಟೆಯ ಹೊಲದಲ್ಲಿ ಕಂಬ ಹಿಡಿದ ದಿನ

ಬಂಗಾರಪೇಟೆಯ ಬಸ್ ಸ್ಟ್ಯಾಂಡಿನಲ್ಲಿ, ಜನರ ಎದುರಿಗೆ, ಹೆತ್ತ ಮಗಳನ್ನು ನೋಡಿ ನಾನು "ಇವಳು ನಮ್ಮವಳಲ್ಲ" ಎಂದೆ. ಬಂಗಾರು ತಿರುಪತಿಯ ವೆಂಕಟರಮಣನಿಗೆ ನಡೆದುಕೊಳ್ಳುವ ಅಕ್ಕತಂಗಿಯರೇ, ಸ್ವಾಮಿಯ ದಯೆಯನ್ನು ಹೇಳುವ ಮೊದಲು ಇದನ್ನು ಹೇಳಲೇಬೇಕು. ಇದನ್ನು ಮುಚ್ಚಿಟ್ಟರೆ ಅವನು ನನಗೆ ಮಾಡಿದ ಉಪಕಾರ ಏನೆಂದು ನಿಮಗೆ ತಿಳಿಯುವುದಿಲ್ಲ.

ನಮ್ಮೂರಿನ ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರು ಮೈಸೂರು ಮೈನ್ಸಿನಲ್ಲಿ ಸುರಂಗದೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರು. ನಮಗೆ ಒಬ್ಬಳೇ ಮಗಳು, ಸರೋಜ. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಅವಳು ಆರಿಸಿಕೊಂಡಿದ್ದು ಭೂಗೋಳ. ಅವಳಪ್ಪನಿಗೆ ಅದೇ ಒಂದು ಹೆಮ್ಮೆ. "ಭೂಮಿ ಒಳಗಡೆ ನಾನು ನೋಡ್ಕಂತೀನಿ, ಮ್ಯಾಲುಗಡೆ ನನ್ ಮಗ್ಳು ನೋಡ್ಕಂತಾಳೆ. ಇನ್ನೇನ್ ಉಳೀತು ಯೋಳು!" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು, "ಅದು ಓದಿದ್ರೆ ಏನ್ ಕೆಲ್ಸ ಕೊಡ್ತಾರಕ್ಕಾ? ಗೋಳ ತಿರುಗ್ಸೋ ಕೆಲ್ಸನಾ?" ಎಂದು ಕೇಳಿದಾಗ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಕೊನೆಯ ವರ್ಷ ಅವಳಿಗೊಂದು ಸಂಬಂಧ ಕೂಡಿಬಂತು. ಹುಡುಗನ ತಾಯಿ ರತ್ನಮ್ಮನವರು, ಬಂಗಾರಪೇಟೆಯಲ್ಲಿ ಜವಳಿ ಅಂಗಡಿಯವರು. ಹುಡುಗಿಯ ಫೋಟೋ ನೋಡಿ ಒಪ್ಪಿದ್ದರು. ಮಾಘ ಮಾಸದ ಒಂದು ಶನಿವಾರ ಅವರ ಜೊತೆ ದೇವಸ್ಥಾನಕ್ಕೆಂದು ಹೋದವಳು ಬಸ್ ಸ್ಟ್ಯಾಂಡಿನ ಮುಂದೆ ನಿಂತಿದ್ದೆ.

ಆ ವಾರ ಸರೋಜನ ತರಗತಿಯವರು ಬೂದಿಕೋಟೆಯಲ್ಲಿ ಬಿಡಾರ ಹೂಡಿ ಹೊಲ, ಕೆರೆ, ದಾರಿಗಳನ್ನು ಅಳೆದು ನಕ್ಷೆ ಬರೆಯುತ್ತಿದ್ದರು. ನನಗದು ಗೊತ್ತಿತ್ತು. ರತ್ನಮ್ಮನವರಿಗೆ ಹೇಳಿರಲಿಲ್ಲ. ಅಷ್ಟರಲ್ಲಿ ಬೂದಿಕೋಟೆಯ ಬಸ್ಸು ಬಂತು. ಮೂವರು ಹುಡುಗಿಯರು ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆತುಂಬ ಧೂಳು, ಕೈಯಲ್ಲಿ ಅಳತೆಯ ಕಬ್ಬಿಣದ ಸರಪಳಿ. ಮುಂದಿದ್ದವಳ ಹೆಗಲ ಮೇಲೆ ಕೆಂಪು ಬಿಳಿ ಬಣ್ಣ ಬಳಿದ ಉದ್ದನೆಯ ಕಂಬಗಳು. ಅವಳೇ ಸರೋಜ.

"ಲೇ, ರೋಡ್ ಕೆಲ್ಸಕ್ಕೆ ಎಣ್ಣುಡುಗ್ರುನ್ನ ಇಟ್ಕಂಡವ್ರೆ ನೋಡ್ಲಾ!" ಎಂದ ಒಬ್ಬ ಜಟಕಾದವನು.

"ಮೇಸ್ತ್ರಿ ಯಾರ್ಲಾ? ನಾನೂ ಸೇರ್ಕಂತೀನಿ!" ಎಂದ ಇನ್ನೊಬ್ಬ. ಸುತ್ತಲಿದ್ದವರೆಲ್ಲ ನಕ್ಕರು.

ರತ್ನಮ್ಮನವರು ಕಣ್ಣು ಕಿರಿದು ಮಾಡಿ ನೋಡಿದರು. "ಆ ಕಂಬ ಹೊತ್ತಿರೋ ಹುಡುಗಿ ನಿಮ್ಮ ಸರೋಜನ ಥರ ಇದಾಳಲ್ರೀ?"

"ಇಲ್ಲಪ್ಪ! ಇವಳು ನಮ್ಮವಳಲ್ಲ. ನಮ್ಮ ಸರೋಜ ಬೆಂಗಳೂರಲ್ಲಿದ್ದಾಳೆ," ಎಂದೆ.

ಮಗಳು ಆಗಲೇ ನನ್ನನ್ನು ನೋಡಿ ನಮ್ಮ ಕಡೆಗೇ ಬರುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು. ಗಕ್ಕನೆ ನಿಂತಳು. ಕಂಬಗಳನ್ನು ನಮ್ಮ ಕಡೆಯ ಹೆಗಲಿಗೆ ಬದಲಾಯಿಸಿ ಮುಖ ಮರೆಮಾಡಿಕೊಂಡು ನಮ್ಮನ್ನು ದಾಟಿ ಹೋದಳು.

ಸಂಜೆ ಜೊತೆಯ ಹುಡುಗಿಯೊಬ್ಬಳು ಗಣಿಯವರು ಕೊಟ್ಟ ನಮ್ಮ ಲೈನು ಮನೆಯನ್ನು ಹುಡುಕಿಕೊಂಡು ಬಂದಳು. "ಸರೋಜಂಗೆ ಬೆಳಗ್ಗೆಯಿಂದ ವಿಪರೀತ ಜ್ವರ. ಕೆಲಸ ಮುಗಿದ ಸಾಮಾನು ರೈಲಿಗೆ ಹಾಕೋಕೆ ಹೊರಟಿದ್ದ ನಮ್ಮ ಜೊತೆ, ಮನೆಗೆ ಹೋಗು ಅಂತ ಮೇಷ್ಟ್ರೇ ಕಳಿಸಿದ್ರು. ಬೇಡ ಅಂದ್ರೂ ಕಂಬ ತಾನೇ ಹೊತ್ಕೊಂಡ್ಳು. ಸ್ಟೇಷನ್ನಿನಲ್ಲಿ ಬಿದ್ದುಬಿಟ್ಳು. ಆಸ್ಪತ್ರೆಗೆ ಸೇರಿಸಿದ್ದೀವಿ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡಿ ತಡವರಿಸಿದಳು. "ಬಸ್ ಸ್ಟ್ಯಾಂಡಲ್ಲಿ ನಿಮ್ಮನ್ನ ತೋರಿಸಿ, 'ಅಗೋ ನಮ್ಮಮ್ಮ, ಇನ್ನು ಚಿಂತೆಯಿಲ್ಲ' ಅಂದಿದ್ಳು. ಆಮೇಲೆ, 'ಅಲ್ಲ, ಬೇರೆ ಯಾರೋ' ಅಂದ್ಳು."

ಯಜಮಾನರು ನನ್ನತ್ತ ತಿರುಗಿದರು. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಅಂಗಂದ್ಯಾ?" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಬಂಗಾರಪೇಟೆಯ ಆಸ್ಪತ್ರೆ ತಲುಪಿದಾಗ ಯಜಮಾನರು ಡಾಕ್ಟರನ್ನು ಹುಡುಕಿಕೊಂಡು ಹೋದರು. ನಾನು ವಾರ್ಡಿನ ಕಡೆಗೆ ಓಡಿದೆ. ನರ್ಸಮ್ಮ ಬಾಗಿಲಲ್ಲೇ ತಡೆದಳು. "ನೀವ್ಯಾರು? ತಾಯಿ ಊರಲ್ಲಿಲ್ಲ ಅಂದ್ಳಲ್ಲ ಆ ಹುಡುಗಿ." ಒಳಗೆ ತಿರುಗಿ, "ಏನಮ್ಮಾ, ಇವರು ನಿನಗೇನಾಗ್ಬೇಕು?" ಎಂದು ಕೇಳಿದಳು. ಸರೋಜ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ನಮ್ಮೂರಿನವರು," ಎಂದಳು.

ನನ್ನ ಸುಳ್ಳನ್ನು ಕಾಪಾಡಲು ಹಾಗಂದಳೋ, ನನ್ನ ಮಾತನ್ನು ನನಗೇ ಹಿಂದಿರುಗಿಸಿದಳೋ, ಇವತ್ತಿಗೂ ಕೇಳಿಲ್ಲ.

ಟೈಫಾಯ್ಡ್ ಎಂದರು. ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಗಂಜಿ ಕುಡಿಸಿದೆ. ಕುಡಿದಳು. ನೀರು ಬೇಕು ಎಂದಳು, ಸಾಕು ಎಂದಳು. ಅಮ್ಮಾ ಎಂದು ಮಾತ್ರ ಕರೆಯಲಿಲ್ಲ. ಪಕ್ಕದ ಮಂಚದ ಮುದುಕಿಯನ್ನು ಅಜ್ಜೀ ಎಂದು ಬಾಯಿತುಂಬ ಕರೆಯುತ್ತಿದ್ದಳು. ನಾನು ಬತ್ತಿ ಹೊಸೆಯುವವಳಂತೆ ತಲೆ ತಗ್ಗಿಸಿ ಸೆರಗಿನ ಅಂಚು ಹೊಸೆಯುತ್ತಿದ್ದೆ.

ಆ ನಡುವೆ ರತ್ನಮ್ಮನವರ ಅಂಗಡಿಗೆ ಹೋಗಿ ನಿಜ ಹೇಳಿದೆ. ಅವರು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಆವತ್ತೇ ಗೊತ್ತಾಯ್ತು ಕಣ್ರೀ, ಮುಖ ನಿಮ್ಮದೇ. ಕಂಬ ಹೊತ್ತಿದ್ದು ನಮಗೇನೂ ಅಡ್ಡಿಯಿರಲಿಲ್ಲ. ತಾಯೇ ನಮ್ಮವಳಲ್ಲ ಅಂದ ಮೇಲೆ, ನಾವು ಹ್ಯಾಗ್ರೀ ನಮ್ಮವಳು ಅನ್ನೋದು?" ಎಂದರು. ಸಂಬಂಧ ಅಲ್ಲಿಗೆ ಮುಗಿಯಿತು.

ಮಗಳು ಮನೆಗೆ ಬಂದ ಮೇಲಿನ ಶನಿವಾರ ಬಂಗಾರು ತಿರುಪತಿಗೆ ಹೋದೆ. ಅಲ್ಲಿ ಸ್ವಾಮಿಯನ್ನು ಕಲ್ಲಿನ ಕಿಂಡಿಯಿಂದ ನೋಡಬೇಕೆಂಬುದು ನಿಮಗೆಲ್ಲ ಗೊತ್ತು. ಕಿಂಡಿಯ ಹತ್ತಿರ ಹೋದೆ. ಕಣ್ಣು ಇಡಲು ಆಗಲಿಲ್ಲ. ಅವನೂ ನನ್ನನ್ನು ನೋಡಿ "ಯಾರೋ" ಎಂದುಬಿಟ್ಟರೆ? ಕಣ್ಣು ಮುಚ್ಚಿಕೊಂಡೇ ಬೇಡಿದೆ. "ಸ್ವಾಮೀ, ಮದುವೆ ನಿನ್ನಿಷ್ಟ, ಕೆಲಸ ನಿನ್ನಿಷ್ಟ. ಅವಳ ಬಾಯಲ್ಲಿ ಒಂದು ಸಲ ಅಮ್ಮಾ ಅನ್ನಿಸು."

"ನೋಡಿದ್ದಾಯ್ತೇನಮ್ಮಾ? ಇಂದೆ ಜನ ಔರೆ," ಎಂದಳು ಹಿಂದಿನವಳು. ನೋಡದೆಯೇ ಬಂದೆ.

ಬೆಂಗಳೂರಿನಿಂದ ಮೇಷ್ಟ್ರು ಅಳತೆಯ ಸಾಮಾನಿನ ಜೊತೆ ಹೇಳಿಕಳಿಸಿದರು. ಸರೋಜನ ಪಾಲಿನ ನಕ್ಷೆ ಅರ್ಧಕ್ಕೇ ನಿಂತಿದೆ, ಪರೀಕ್ಷೆಗೆ ಮೊದಲು ಮುಗಿಸದಿದ್ದರೆ ಈ ವರ್ಷ ಕೂರಿಸಲಾಗದು ಎಂದು. ಜೊತೆಯವರೆಲ್ಲ ಹೊರಟುಹೋಗಿದ್ದರು. ಅಳೆಯುವಾಗ ದೂರದಲ್ಲಿ ಕಂಬ ಹಿಡಿದು ನಿಲ್ಲಲು ಒಬ್ಬರು ಬೇಕೇ ಬೇಕು. ಯಜಮಾನರಿಗೆ ರಜೆಯಿಲ್ಲ. "ನಾನು ಬರ್ತೀನಿ," ಎಂದೆ. ಅವಳು ಬೇಡ ಎನ್ನಲಿಲ್ಲ. ಅದೂ ಒಂದು ದಯೆಯೇ.

ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಂಬವನ್ನು ನಾನೇ ಹೆಗಲಿಗೇರಿಸಿಕೊಂಡೆ. ಯಾರಾದರೂ ನಗಲಿ ಎಂದು ಆಸೆಯಾಯಿತು. ಯಾರೂ ತಿರುಗಿ ನೋಡಲಿಲ್ಲ.

ಬೂದಿಕೋಟೆಯ ಕೆರೆ ಹಿಂದಿನ ಹೊಲದಲ್ಲಿ ಅವಳು ಮೂರು ಕಾಲಿನ ಮೇಲೆ ಹಲಗೆ ನಿಲ್ಲಿಸಿ ಕಾಗದ ಹಾಸಿದಳು. ಅದರ ಮೇಲೊಂದು ಪಟ್ಟಿ. ಪಟ್ಟಿಯ ತುದಿಯಲ್ಲಿ ಸಣ್ಣ ಸೀಳು. ಅದಕ್ಕೆ ಕಣ್ಣಿಟ್ಟು ಕಂಬವನ್ನು ನೋಡಿ ಗೆರೆ ಎಳೆಯಬೇಕು. ನಾನು ಬದುವಿನ ಮೇಲೆ ಕಂಬ ಊರಿ ನಿಂತೆ. ಅವಳು ಬಗ್ಗಿ ಕಿಂಡಿಗೆ ಕಣ್ಣಿಟ್ಟಳು. ಆಸ್ಪತ್ರೆಯ ಆ ಸಂಜೆಯ ನಂತರ ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ನನಗೆ ನಿಲ್ಲಲಾಗಲಿಲ್ಲ, ಮುಖ ತಗ್ಗಿಸಿದೆ. ಕಂಬವೂ ವಾಲಿತು.

"ಅಮ್ಮಾ!"

ಹೊಲದ ಆ ತುದಿಯಿಂದ ಕೂಗು ಬಂತು.

"ಅಮ್ಮಾ, ಕಂಬ ವಾಲ್ತಾ ಐತೆ! ನೆಟ್ಟಗ್ ಇಡ್ಕೊಳಮ್ಮಾ!"

ಕಣ್ಣೀರು ಒರೆಸಿಕೊಳ್ಳಲು ಒಂದು ಕೈ ಬಿಟ್ಟೆ. "ಅಯ್ಯೋ, ಅಲ್ಲಾಡಿಸ್ಬ್ಯಾಡಮ್ಮಾ!" ಎಂದು ಮತ್ತೆ ಕೂಗಿದಳು. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು, "ಯಾರವ್ವಾ ಅದು, ಇಂಗ್ ಗದರ್ಕಂತಾಳೆ?" ಎಂದು ಕೇಳಿದಳು.

"ನನ್ ಮಗ್ಳು!" ಎಂದೆ.

"ಇಲ್ಲೇ ಇದೀನಲ್ಲವ್ವಾ, ಯಾಕಂಗ್ ಕಿರುಚ್ತೀಯ?" ಎಂದು ಅವಳು ಕಿವಿ ಉಜ್ಜಿಕೊಂಡಳು.

ಸರೋಜ ಪಾಸಾದಳು. ಈಗ ಬಂಗಾರಪೇಟೆಯಲ್ಲೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾಳೆ. ಜೊತೆಯ ಹುಡುಗಿಯರಲ್ಲಿ ಒಬ್ಬಳು ನಕ್ಷೆ ಬರೆಯುವ ಕಚೇರಿಯಲ್ಲಿ, ಇನ್ನೊಬ್ಬಳು ಜನಗಣತಿಯ ಕೆಲಸದಲ್ಲಿ ಇದ್ದಾರಂತೆ. ನಲ್ಲಿಯ ಹತ್ತಿರ ಯಾರಾದರೂ ಕೇಳಿದರೆ ಇದನ್ನೆಲ್ಲ ಕೊಡ ತುಂಬಿ ಹರಿಯುವವರೆಗೂ ಹೇಳುತ್ತೇನೆ. ನಿಮ್ಮ ಮನೆಯ ಹುಡುಗಿಗೆ ಆ ಓದಿನ ಮೇಲೆ ಮನಸ್ಸಿದ್ದರೆ ಓದಲಿ, ತಡೆಯಬೇಡಿ.

ನನ್ನ ನಾಚಿಕೆ ಹೋಗಿಲ್ಲ. ಹೋಗಲಿ ಎಂದು ಬೇಡಿಕೊಂಡೂ ಇಲ್ಲ. ಬೇಡಿದ ಒಂದನ್ನು ಸ್ವಾಮಿ ಕೊಟ್ಟಿದ್ದಾನೆ. ಶನಿವಾರಗಳಲ್ಲಿ ಕಿಂಡಿಗೆ ಕಣ್ಣಿಡುತ್ತೇನೆ, ಮುಚ್ಚುವುದಿಲ್ಲ. ಆಚೆಯಿಂದ ಅವನೂ ನೋಡುತ್ತಿರುತ್ತಾನೆ, ನೆಟ್ಟಗೆ ನಿಲ್ಲು ಎಂದು ಗದರುತ್ತಾನೆ. ನಿಲ್ಲುತ್ತೇನೆ.